ಓರ್ವಿಲ್ ಸ್ಕಾರನ ಮೀನು ಪ್ರಾರ್ಥನೆ

ನಮ್ಮ ಟಮರಾಕ್ ಕೌಂಟಿಯಲ್ಲಿ ನೋಡುವಂಥದ್ದು ಏನಿದೆ ಎಂದು ಯಾರಾದರೂ ಕೇಳಿದರೆ, ಹೆದ್ದಾರಿ ಪಕ್ಕದ ಇಪ್ಪತ್ತೆರಡು ಅಡಿ ಉದ್ದದ ಸಿಮೆಂಟಿನ ಮೀನು, ಬ್ರೆಕೆಯವರ ದುಂಡನೆಯ ಕೊಟ್ಟಿಗೆ, ಆಮೇಲೆ ಓರ್ವಿಲ್ ಸ್ಕಾರ್ ಎಂದು ಹೇಳುವುದು ವಾಡಿಕೆ. ಮೊದಲೆರಡನ್ನು ನೋಡಲು ಕಾರಿನಿಂದ ಇಳಿಯಬೇಕಾಗಿಲ್ಲ. ಓರ್ವಿಲ್‌ನನ್ನು ನೋಡಬೇಕಾದರೆ ಮಾತ್ರ ಅಕ್ಟೋಬರ್ ತಿಂಗಳ ಎರಡನೆಯ ಶನಿವಾರ ನಾರ್ಡ್‌ಲಿ ಊರಿನ ಲೂಥರನ್ ಚರ್ಚಿನ ನೆಲಮಾಳಿಗೆಗೆ ಬರಬೇಕು. ನಾನ್ನೂರು ಜನರ ನಡುವೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರಬೇಕು. ಎದುರಿನ ತಟ್ಟೆಯಲ್ಲಿ ಲೂಟೆಫಿಸ್ಕ್ ನಡುಗುತ್ತಿರಬೇಕು.

ನಡುಗುತ್ತದೆ ಎಂದದ್ದು ಅಲಂಕಾರಕ್ಕಲ್ಲ. ಕಟ್ಟಿಗೆಯಂಥ ಒಣಮೀನನ್ನು ಕ್ಷಾರದ ನೀರಿನಲ್ಲಿ ದಿನಗಟ್ಟಲೆ ನೆನೆಸಿ, ತೊಳೆದು, ಬೇಯಿಸಿದರೆ ಅದು ನಡುಗದೆ ಇನ್ನೇನು ಮಾಡೀತು? ನಮ್ಮ ಹಿರಿಯರು ನಾರ್ವೆ ದೇಶದಿಂದ ಬರುವಾಗ ಬೆಟ್ಟ ಬಿಟ್ಟರು, ಸಮುದ್ರ ಬಿಟ್ಟರು, ತಂದೆತಾಯಿಯನ್ನೂ ಬಿಟ್ಟರು. ಈ ಮೀನೊಂದನ್ನು ಬಿಡಲಿಲ್ಲ. ನಾವೂ ಅದಕ್ಕೆ ಕರಗಿದ ಬೆಣ್ಣೆ ಸುರಿದು, ಲೆಫ್ಸೆ ಎಂಬ ಆಲೂಗಡ್ಡೆ ರೊಟ್ಟಿಯಲ್ಲಿ ಸುತ್ತಿ, ಎರಡೆರಡು ಸಲ ಬಡಿಸಿಕೊಂಡು ತಿನ್ನುತ್ತೇವೆ. ನಾನು ಆ ಊಟದಲ್ಲಿ ಮೂವತ್ತೊಂದು ವರ್ಷದಿಂದ ಕಾಫಿ ಪಾತ್ರೆಯ ಉಸ್ತುವಾರಿ. ಹಾಗಾಗಿ ನಾನು ಹೇಳುವುದಕ್ಕೆ ಸ್ವಲ್ಪ ತೂಕವಿದೆ ಎಂದುಕೊಂಡಿದ್ದೇನೆ.

ಊಟಕ್ಕೆ ಮುಂಚೆ ಪಾಸ್ಟರ್ ಎಲ್ಲರೂ ಬಲ್ಲ ಪ್ರಾರ್ಥನೆ ಹೇಳಿ ಮುಗಿಸುತ್ತಾರೆ. ಆಮೇಲೆ ಓರ್ವಿಲ್ ಏಳುತ್ತಾನೆ. ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ಹಣೆಯನ್ನು ಗಾಳಿಗೆ ಆನಿಸಿದವನಂತೆ ಮುಂದಕ್ಕೆ ಬಾಗಿ, ಬಾವಿಯೊಳಗಿಂದ ಬಂದಂಥ ದನಿಯಲ್ಲಿ ಹೇಳುತ್ತಾನೆ: "ಸ್ತೋ ಸ್ತಿಲ್ಲೆ, ದು ಸ್ತಿಗ್ಗೆ, ಹಾಲ್ ರುಂಪಾ ನೆದ್."

ನಾನ್ನೂರು ಜನ "ಆಮೆನ್" ಎನ್ನುತ್ತಾರೆ. ಮುದುಕಿಯರು ಕಣ್ಣೊರೆಸಿಕೊಳ್ಳುತ್ತಾರೆ. ಇದೇ ಮೀನು ಪ್ರಾರ್ಥನೆ.

ಇದು ಶುರುವಾದದ್ದು ಇಪ್ಪತ್ತಾರು ವರ್ಷದ ಹಿಂದೆ, ಭಕ್ತಿಯಿಂದಲ್ಲ, ಮಾಂಸದುಂಡೆಯಿಂದ. ಆಗ ಅರ್ಡಿಸ್ ಎಂಬ ಹುಡುಗಿ ಮಾಂಸದುಂಡೆ ಬಡಿಸುತ್ತಿದ್ದಳು. ಓರ್ವಿಲ್‌ಗೂ ದುಂಡು ಕೊಟ್ಟಿಗೆಯ ಡೆಲ್ಮರ್ ಬ್ರೆಕೆಗೂ ಅವಳ ಮೇಲೆ ಕಣ್ಣು. ಆಗಿದ್ದ ಪಾಸ್ಟರ್ "ಹಿರಿಯರ ಭಾಷೆ ಯಾರಿಗಾದರೂ ನೆನಪಿದೆಯೇ?" ಎಂದು ಕೇಳಿದರು. ಡೆಲ್ಮರ್ ಎದ್ದುನಿಂತು ನಾರ್ವೆ ಭಾಷೆಯಲ್ಲಿ ಒಂದರಿಂದ ಹತ್ತರವರೆಗೆ ಎಣಿಸಿಬಿಟ್ಟ. ಅರ್ಡಿಸ್ ನಕ್ಕಳು. ಆ ನಗೆ ಓರ್ವಿಲ್‌ನ ಹೊಟ್ಟೆಗೆ ಬೆಂಕಿ ಹಾಕಿತು. ಅವನೂ ಎದ್ದ. ಅವನ ನೆನಪಿನಲ್ಲಿದ್ದದ್ದು ಒಂದೇ ಸಾಲು. ಅವನು ಚಿಕ್ಕವನಿದ್ದಾಗ ಅವನಜ್ಜ ದಿನಾ ಸಂಜೆ ಹಸುವಿನ ಪಕ್ಕ ಕುಳಿತು, ಅದರ ಹೊಟ್ಟೆಗೆ ಹಣೆಯಿಟ್ಟು, ಕಣ್ಣು ಮುಚ್ಚಿ ಗೊಣಗುತ್ತಿದ್ದ ಸಾಲು ಅದು. ಹಣೆ ಬಾಗಿದೆ, ಕಣ್ಣು ಮುಚ್ಚಿದೆ, ತುಟಿ ಅಲ್ಲಾಡುತ್ತಿದೆ ಎಂದರೆ ಅದು ಪ್ರಾರ್ಥನೆಯಲ್ಲದೆ ಮತ್ತೇನು? ಓರ್ವಿಲ್ ಅದನ್ನೇ ಹೇಳಿದ. ಅರ್ಡಿಸ್ ಕೈಯಿಂದ ಮಾಂಸದುಂಡೆ ಜಾರಿ ಡೆಲ್ಮರ್‌ನ ಮಡಿಲಿಗೆ ಬಿತ್ತು. ಮುಂದಿನ ವಸಂತದಲ್ಲಿ ಓರ್ವಿಲ್‌ಗೂ ಅರ್ಡಿಸ್‌ಗೂ ಮದುವೆಯಾಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಮೆಚ್ಚುಗೆ ಎಂಬುದು ಮನುಷ್ಯನಿಗೆ ಒಗ್ಗುವ ಪದಾರ್ಥವಲ್ಲ. ಮೊದಲ ವರ್ಷ ಓರ್ವಿಲ್ "ಅಜ್ಜ ಒಂದೆರಡು ಮಾತು ಕಲಿಸಿದ್ದ" ಎಂದ. ಐದನೆಯ ವರ್ಷ "ಅಜ್ಜನ ಜೊತೆ ನಂದು ಬರೀ ನಾರ್ವೆ ಭಾಷೇನೇ" ಎಂದ. ಹದಿನೈದನೆಯ ವರ್ಷಕ್ಕೆ ಅವನಿಗೆ ಕನಸು ಕೂಡ ಅದೇ ಭಾಷೆಯಲ್ಲಿ ಬೀಳುತ್ತಿತ್ತು. ಭಾಷೆ ನಿಜಕ್ಕೂ ಬರುತ್ತಿದ್ದ ಟಿಲ್ಡಾ ಮೋಎನ್ ಅಜ್ಜಿ ಒಮ್ಮೆ ಅವನನ್ನು ಅದರಲ್ಲೇ ಏನೋ ಕೇಳಿದಾಗ, ಓರ್ವಿಲ್ ಗಂಭೀರವಾಗಿ "ನಮ್ಮದು ಬೇರೆ ಕಣಿವೆ ಮಾತು ಅಜ್ಜಿ, ನಿಮಗೆ ತಿಳಿಯಲ್ಲ" ಎಂದುಬಿಟ್ಟ. ಪಾಪ, ಆಕೆ ತನ್ನ ಕಿವಿಯೇ ಕೆಟ್ಟಿದೆ ಎಂದುಕೊಂಡು ತೀರಿಕೊಂಡಳು.

ಇಂಥ ಹೊತ್ತಿನಲ್ಲಿ ಮಾರ್ಲಿಸ್ ಕ್ವಾಮ್ ನಮ್ಮ ಕೌಂಟಿಯ ಪ್ರವಾಸೋದ್ಯಮ ಸಮಿತಿಯ ಅಧ್ಯಕ್ಷೆಯಾದಳು. ಮಾರ್ಲಿಸ್ ಸುಮ್ಮನೆ ಕೂರುವ ಹೆಂಗಸಲ್ಲ. ಅವಳು ಕೂತ ಕುರ್ಚಿಯೂ ಸುಮ್ಮನೆ ಇರುವುದಿಲ್ಲ. ಮೀನು ಪ್ರಾರ್ಥನೆಯನ್ನು, ಕಿವಿಗೆ ಬಿದ್ದಂತೆ, ಯಾವ ನಾರ್ವೆಯವನಿಗೂ ಗುರುತು ಸಿಗದ ಕಾಗುಣಿತದಲ್ಲಿ, ಮೊದಲು ಕರಪತ್ರದಲ್ಲಿ ಅಚ್ಚು ಹಾಕಿಸಿದಳು. ಆಮೇಲೆ ಅಡುಗೆಮನೆಯ ಒರೆಸುಬಟ್ಟೆಯ ಮೇಲೆ ಕಸೂತಿ ಹಾಕಿಸಿದಳು. ಕೊನೆಗೆ ಹೆದ್ದಾರಿಯ ಸ್ವಾಗತ ಫಲಕದ ಮೇಲೆ, ಸಿಮೆಂಟಿನ ಮೀನಿನ ಬಾಯಿಯಿಂದ ಹೊರಟಂತೆ, ಒಂದೊಂದು ಅಡಿ ಎತ್ತರದ ಅಕ್ಷರದಲ್ಲಿ ಬರೆಸಿದಳು. ಅದು ಸಾಲದೆಂದು ಕರಪತ್ರವನ್ನು ನಾರ್ವೆಯ ಒಂದು ಕಣಿವೆಗೆ, ಓರ್ವಿಲ್‌ನ ಅಜ್ಜ ಹುಟ್ಟಿದ ಊರಿಗೇ, ಅಂಚೆಯಲ್ಲಿ ಕಳಿಸಿದಳು.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ನಾನು, ಓರ್ವಿಲ್, ಡೆಲ್ಮರ್ ಮೂವರೂ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಅವಳು ಬಾಗಿಲು ತಳ್ಳಿಕೊಂಡು ನುಗ್ಗಿದಳು. ಕೈಯಲ್ಲಿ ಒಂದು ಕಾಗದ ಪಟಪಟ ಹಾರುತ್ತಿತ್ತು.

"ಬರ್ತಿದಾರೆ! ಹನ್ನೆರಡು ಜನ! ನಮ್ಮ ಊಟಕ್ಕೇ ಬರ್ತಿದಾರೆ! ಅವರ ಊರು ನಮ್ಮ ಊರು ಅಕ್ಕತಂಗಿ ಅಂತ ಒಪ್ಪಂದಕ್ಕೆ ಸಹಿ ಹಾಕ್ತಾರಂತೆ. ಪತ್ರಿಕೆಯೋರು ಬರ್ತಾರೆ, ರೇಡಿಯೋದೋರು ಬರ್ತಾರೆ!"

"ಬರಲಿ, ಸಂತೋಷ" ಎಂದ ಓರ್ವಿಲ್.

"ಬರೀ ಸಂತೋಷ ಅಂದ್ರೆ ಆಗಲ್ಲ ಓರ್ವಿಲ್. ಭಾಷೆ ಗೊತ್ತಿರೋನು ನೀನೊಬ್ಬನೇ. ಬಸ್ಸು ಇಳಿದಲ್ಲಿಂದ ಬಸ್ಸು ಹತ್ತೋವರೆಗೂ ದುಭಾಷಿ ನೀನೇ. ನಾನಾಗ್ಲೇ ಅವರಿಗೆ ಬರೆದು ಹಾಕಿದೀನಿ."

ಓರ್ವಿಲ್ ಕಾಫಿಯನ್ನು ಬಾಯಿಗೆ ಹಾಕಿಕೊಳ್ಳುವ ಬದಲು ಅಂಗಿಯ ಜೇಬಿಗೆ ಹಾಕಿಕೊಂಡ.

"ಉಫ್ ದಾ" ಎಂದ. ನಮ್ಮ ಕಡೆ ಕಾಲಿಗೆ ಕಲ್ಲು ಬಿದ್ದರೂ, ಸೊಸೆ ಮನೆಬಿಟ್ಟು ಹೋದರೂ ಅನ್ನುವ ಮಾತು ಇದೇ.

"ನೋಡಿ, ಆಗ್ಲೇ ಶುರು ಹಚ್ಕೊಂಡ!" ಎಂದು ಮಾರ್ಲಿಸ್ ಚಪ್ಪಾಳೆ ತಟ್ಟಿದಳು.

ಅರ್ಡಿಸ್‌ಗಾದ ಸಂಭ್ರಮ ಹೇಳತೀರದು. ಹೊಸ ಕೋಟು ಹೊಲಿಸಿದಳು. ಓರ್ವಿಲ್‌ನ ತಲೆಗೂದಲನ್ನು ತಾನೇ ಕತ್ತರಿಸಿದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ "ನಮ್ಮನೆಯೋರು ಈ ನಡುವೆ ನನ್ ಜೊತೆ ಮಾತೇ ಕಡಿಮೆ ಮಾಡಿದಾರೆ. ಆ ಭಾಷೆ ಬಾಯಲ್ಲಿ ಕೂರಿಸ್ಕೊಳ್ತಿದಾರೆ" ಎನ್ನುತ್ತಿದ್ದಳು. ಓರ್ವಿಲ್ ಮಾತು ಕಡಿಮೆ ಮಾಡಿದ್ದು ಹೆದರಿಕೆಯಿಂದ. ಪಕ್ಕದ ಊರಿನ ಗ್ರಂಥಾಲಯದಿಂದ ಭಾಷೆ ಕಲಿಸುವ ಕ್ಯಾಸೆಟ್ ತಂದು, ಟ್ರ್ಯಾಕ್ಟರಿನ ಮೇಲೆ ಕೂತು ಕೇಳಲು ಹೋದ. ಟೇಪಿನ ಯಂತ್ರ ಕ್ಯಾಸೆಟ್ಟನ್ನು ನುಂಗಿ, ಒಂದೇ ಒಂದು ವಾಕ್ಯವನ್ನು ಉಳಿಸಿಕೊಟ್ಟಿತು. ಅದರ ಅರ್ಥ ಹೇಳುವ ಭಾಗವೂ ಯಂತ್ರದ ಹೊಟ್ಟೆ ಸೇರಿತ್ತು. ವಿಮಾನ ನಿಲ್ದಾಣದ ಪಾಠ, ಮೊದಲ ವಾಕ್ಯ ಎಂದಮೇಲೆ ಅದು ನಮಸ್ಕಾರವೇ ಇರಬೇಕು ಎಂದು ಓರ್ವಿಲ್ ತೀರ್ಮಾನಿಸಿ, ಎರಡು ತಿಂಗಳು ಕೂತು ಬಾಯಿಪಾಠ ಮಾಡಿದ.

ಆ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಬಸ್ಸು ಚರ್ಚಿನ ಮುಂದೆ ನಿಂತಿತು. ಶಾಲೆಯ ಬ್ಯಾಂಡು ಮೊಳಗಿತು. ಮೊದಲು ಇಳಿದವರು ಎಪ್ಪತ್ತು ದಾಟಿದ, ಕೋಲಿನಂತೆ ನೆಟ್ಟಗಿದ್ದ ಗುದ್ರುನ್ ಎಂಬ ಹೆಂಗಸು. ಅವರೇ ಆ ತಂಡದ ಹಿರಿಯರು. ಓರ್ವಿಲ್ ಮುಂದೆ ಹೋಗಿ, ಟೋಪಿ ತೆಗೆದು, ಇಡೀ ಊರು ಕೇಳುವಂತೆ ಆ ವಾಕ್ಯವನ್ನು ಹೇಳಿದ.

ಗುದ್ರುನ್ ಅವರ ಮುಖ ಬಾಡಿತು. ಹಿಂದೆ ತಿರುಗಿ ತಮ್ಮವರಿಗೆ ಏನೋ ಹೇಳಿದರು. ಹನ್ನೊಂದು ಜನ ನಾರ್ವೆಯವರು ಓಡಿಹೋಗಿ ಬಸ್ಸಿನ ಹೊಟ್ಟೆ ತೆರೆದು ಪೆಟ್ಟಿಗೆಗಳನ್ನೆಲ್ಲ ಹುಲ್ಲಿನ ಮೇಲೆ ಇಳಿಸತೊಡಗಿದರು.

"ಏನಂದೆ ಅವರಿಗೆ?" ಎಂದಳು ಮಾರ್ಲಿಸ್.

"ಸ್ವಾಗತ ಅಂದೆ."

"ಮತ್ಯಾಕೆ ಸಾಮಾನೆಲ್ಲ ಕೆಳಗಿಳಿಸ್ತಿದಾರೆ?"

"ಅದು ಅವರ ಸಂಪ್ರದಾಯ" ಎಂದ ಓರ್ವಿಲ್, ಬೆವರು ಒರೆಸಿಕೊಳ್ಳುತ್ತ.

ಅಷ್ಟರಲ್ಲಿ ಗುದ್ರುನ್ ಅವನ ಬಳಿ ಬಂದು ಅನುಕಂಪದಿಂದ ಏನೋ ಕೇಳಿದರು. ಅವನು ಹೇಳಿದ್ದು "ನನ್ನ ಪೆಟ್ಟಿಗೆ ಕಳೆದುಹೋಗಿದೆ" ಎಂದೂ, ಅವರು ಕೇಳಿದ್ದು "ಯಾವ ಬಣ್ಣದ್ದಪ್ಪಾ?" ಎಂದೂ ನಮಗೆ ಗೊತ್ತಾದದ್ದು ಆಮೇಲೆ. ಓರ್ವಿಲ್ ಒಂದು ಕೈಯಿಂದ ಗಂಟಲು ಹಿಡಿದುಕೊಂಡು, ಇನ್ನೊಂದು ಕೈಯನ್ನು ಅಡ್ಡಡ್ಡ ಆಡಿಸಿದ. ಗಂಟಲು ಕಟ್ಟಿದೆ, ದನಿ ಹೋಗಿದೆ ಎಂದರ್ಥ. ಇಪ್ಪತ್ತಾರು ವರ್ಷದಲ್ಲಿ ಅವನಿಗೆ ಹೊಳೆದ ಅತ್ಯುತ್ತಮ ಉಪಾಯ ಅದು.

ಗುದ್ರುನ್ ನಮ್ಮೆಲ್ಲರಿಗಿಂತ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದರು. ಮೆಲ್ಲಗೆ ಅರ್ಡಿಸ್‌ಳನ್ನು ಪಕ್ಕಕ್ಕೆ ಕರೆದು ಕೇಳಿದರು: "ಪಾಪ, ನಿಮ್ಮ ಯಜಮಾನರಿಗೆ ಎಷ್ಟು ದಿನದಿಂದ ಹೀಗೆ?"

ಗುದ್ರುನ್ ಕೇಳಿದ್ದು ತಲೆಯ ಬಗ್ಗೆ, ಅರ್ಡಿಸ್ ಗಂಟಲ ಬಗ್ಗೆ ಎಂದುಕೊಂಡಳು. "ಈಗಿನ್ನೂ ಶುರುವಾಗಿದೆ. ಉತ್ಸಾಹ ಜಾಸ್ತಿ ಆದ್ರೆ ಹೀಗಾಗತ್ತೆ. ಒಂದಿಷ್ಟು ಬಿಸಿ ಸೂಪು ಕುಡಿದ್ರೆ ಸರಿಹೋಗ್ತಾರೆ."

"ಸೂಪಿನಿಂದ?" ಎಂದರು ಗುದ್ರುನ್, ಈ ದೇಶದ ವೈದ್ಯಕ್ಕೆ ಬೆರಗಾಗಿ.

ಓರ್ವಿಲ್‌ನ ದನಿ ಹೋದ ಸುದ್ದಿ ಅಡುಗೆಮನೆಗೆ ತಲುಪಲು ಎರಡು ನಿಮಿಷ ಸಾಕಾಯಿತು. ಆಲೂಗಡ್ಡೆ ಸುಲಿಯುತ್ತಿದ್ದ ಮೂವತ್ತು ಹೆಂಗಸರು ಚಾಕು ಕೆಳಗಿಟ್ಟು ಅವನ ಮೇಲೆ ಎರಗಿದರು. ಒಬ್ಬಳು ಬಾತುಕೋಳಿಯ ಕೊಬ್ಬು ಸವರಿದಳು. ಒಬ್ಬಳು ಜೇನು ಕುಡಿಸಿದಳು. ಕಸೂತಿ ಸಂಘದ ಬರ್ನಿಸ್ ಅಂತೂ ಈರುಳ್ಳಿ ಹುರಿದು ಕಾಲುಚೀಲದೊಳಗೆ ತುಂಬಿ ಅವನ ಕತ್ತಿಗೆ ಸುತ್ತಿಬಿಟ್ಟಳು.

"ಬಿಗಿಯಾಯ್ತಾ?"

ಓರ್ವಿಲ್ ತಲೆಯಾಡಿಸಿದ.

"ಬಿಗೀನೇ ಇರ್ಬೇಕು. ನಮ್ಮಾವಂಗೆ ಇದ್ರಿಂದ್ಲೇ ವಾಸಿ ಆಗಿದ್ದು."

ಡೆಲ್ಮರ್ ಬಾಗಿಲಿಗೆ ಒರಗಿಕೊಂಡು ನೋಡುತ್ತಿದ್ದ. "ಬೆಳಿಗ್ಗೆ ನನ್ ನಾಯಿಗೆ ಬೈತಿದ್ದಾಗ ಗಂಟಲು ಮೈಲಿ ದೂರ ಕೇಳ್ತಿತ್ತಲ್ಲ?" ಎಂದ.

"ಪಾಪ, ಅದ್ರಲ್ಲೇ ಹೋಗಿರೋದು!" ಎಂದಳು ಅರ್ಡಿಸ್ ಉರಿಗಣ್ಣು ಬಿಟ್ಟು. "ನಿನ್ ನಾಯಿನ ಕಟ್ಟಿ ಹಾಕೋ, ಡೆಲ್ಮರ್!"

ನಾಲ್ಕು ಗಂಟೆಗೆ ಊಟ. ನೆಲಮಾಳಿಗೆ ತುಂಬಿ ತುಳುಕುತ್ತಿತ್ತು. ಮೀನಿನ ಹಬೆಗೆ ಕಿಟಕಿ ಗಾಜೆಲ್ಲ ಬೆವರಿದ್ದವು. ರೇಡಿಯೋದವನು ಮೈಕು ಹಿಡಿದು ನಿಂತಿದ್ದ. ಪಾಸ್ಟರ್ ಜೋಡಿ ಎಂಬ ಹೊಸ ತರುಣಿ ಪಾಸ್ಟರ್ ಮಾಮೂಲಿ ಪ್ರಾರ್ಥನೆ ಮುಗಿಸಿದರು. ಓರ್ವಿಲ್ ಈರುಳ್ಳಿ ಪಟ್ಟಿಯೊಂದಿಗೆ ಮೊದಲ ಮೇಜಿನಲ್ಲಿ ಕೂತಿದ್ದ. ಅವನ ಮುಖದಲ್ಲಿ ಮೊದಲ ಸಲ ನೆಮ್ಮದಿಯ ಕಳೆ ಇತ್ತು. ದನಿಯೇ ಇಲ್ಲದವನನ್ನು ಯಾರು ತಾನೆ ಏನು ಕೇಳಿಯಾರು?

"ನಮ್ಮ ಓರ್ವಿಲ್‌ಗೆ ಇವತ್ತು ದನಿ ಇಲ್ಲ" ಎಂದರು ಪಾಸ್ಟರ್ ಜೋಡಿ. ಅವರ ಕಣ್ಣು ತುಂಬಿತ್ತು. "ಆದ್ರೆ ಇಪ್ಪತ್ತಾರು ವರ್ಷದಿಂದ ಅವರು ನಮಗೋಸ್ಕರ ಹೇಳಿದಾರೆ. ಇವತ್ತು ಅವರಿಗೋಸ್ಕರ ನಾವೇ ಹೇಳೋಣ. ಎಲ್ಲರಿಗೂ ಬಾಯಿಗೆ ಬರತ್ತಲ್ವಾ? ಏಳಿ!"

ನಾನ್ನೂರು ಕುರ್ಚಿಗಳು ಒಟ್ಟಿಗೆ ಕಿರುಗುಟ್ಟಿದವು. ಓರ್ವಿಲ್ ಮಾತ್ರ ಕೂತೇ ಇದ್ದ. ಗುದ್ರುನ್, ತಾವು ತಂದಿದ್ದ ಉಡುಗೊರೆ ಕೊಡುವ ಹೊತ್ತು ಬಂತೆಂದುಕೊಂಡು, ಬೆಳ್ಳಿಯ ಬಟ್ಟಲು ಹಿಡಿದು ಆಗ ತಾನೇ ಎದ್ದು ಎರಡು ಹೆಜ್ಜೆ ಮುಂದಿಟ್ಟಿದ್ದರು. ಇಡೀ ಟಮರಾಕ್ ಕೌಂಟಿ ಅವರತ್ತ ತಿರುಗಿ, ಕಣ್ಣು ಮುಚ್ಚಿ, ಹಣೆ ಬಾಗಿಸಿ, ಒಕ್ಕೊರಲಿನಿಂದ ಗುಡುಗಿತು:

"ಸ್ತೋ ಸ್ತಿಲ್ಲೆ, ದು ಸ್ತಿಗ್ಗೆ, ಹಾಲ್ ರುಂಪಾ ನೆದ್!"

ಗುದ್ರುನ್ ನಿಂತಲ್ಲೇ ನಿಂತರು. ಒಂದು ಕ್ಷಣ ಕಳೆದು, ಕೋಟಿನ ಹಿಂಭಾಗವನ್ನು ಕೈಯಿಂದ ಒತ್ತಿ ಹಿಡಿದುಕೊಂಡು, ಕುರ್ಚಿಯಲ್ಲಿ ದೊಪ್ಪನೆ ಕೂತರು. ಉಳಿದ ಹನ್ನೊಂದು ಜನರ ಬಾಯಿ ತೆರೆದಂತೆಯೇ ಇತ್ತು.

"ಆಮೆನ್" ಎಂದಿತು ಕೌಂಟಿ.

ಆಮೇಲೆ ಮೇಜಿನ ಆ ತುದಿಯಿಂದ ಕುಕ್ಕರಿನ ಸೀಟಿಯಂಥ ಒಂದು ಸದ್ದು ಬಂತು. ಗುದ್ರುನ್ ನಗುತ್ತಿದ್ದರು. ಬಟ್ಟಲು ಕೈಯಿಂದ ಬಿದ್ದು ಉರುಳಿತು. ಅವರ ಕಡೆಯವನೊಬ್ಬ ನಗು ತಡೆಯಲಾರದೆ ಲೆಫ್ಸೆಯನ್ನು ಮುಖಕ್ಕೆ ಮುಚ್ಚಿಕೊಂಡ. ನಾವು ಮುಖ ಮುಖ ನೋಡಿಕೊಂಡೆವು.

"ಅಮ್ಮಾ, ನಮ್ಮ ಪ್ರಾರ್ಥನೇಲಿ ಏನಾದ್ರೂ ತಪ್ಪಿದೆಯಾ?" ಎಂದರು ಪಾಸ್ಟರ್.

"ಏನೂ ತಪ್ಪಿಲ್ಲ, ಉಚ್ಚಾರಣೆ ಕೂಡ ನಮ್ಮ ಕಣಿವೇದೇ. ಆದ್ರೆ ಇದನ್ನ ಹೇಳ್ತಿದ್ದದ್ದು ದೇವರಿಗಲ್ಲ" ಎಂದು ಗುದ್ರುನ್ ಕಣ್ಣೊರೆಸಿಕೊಂಡರು. "'ನಿಂತ್ಕೊಳ್ಳೆ ನೆಟ್ಟಗೆ, ದರಿದ್ರದವಳೆ, ಬಾಲ ಕೆಳಗಿಡು' ಅಂತ. ಹಾಲು ಕರೆಯುವಾಗ ಹಸುವಿಗೆ ಹೇಳೋ ಮಾತು."

ಮೀನು ಕೂಡ ನಡುಗುವುದನ್ನು ನಿಲ್ಲಿಸಿತೆಂದು ಕಾಣುತ್ತದೆ.

ಮಾರ್ಲಿಸ್ ತಲೆಯ ಮೇಲೆ ಕೈಹೊತ್ತಳು. "ಹೆದ್ದಾರಿ ಫಲಕ!" ಎಂದು ಪಿಸುಗುಟ್ಟಿದಳು. ಪಾಸ್ಟರ್ ಜೋಡಿ "ಇಪ್ಪತ್ತಾರು ವರ್ಷ ಆಮೆನ್ ಅಂದಿದೀವಿ" ಎಂದು ತಮಗೆ ತಾವೇ ಹೇಳಿಕೊಂಡರು. ಆದರೆ ನಾನು ನೋಡುತ್ತಿದ್ದದ್ದು ಅರ್ಡಿಸ್‌ಳನ್ನು. ಅವಳು ಮಾಂಸದುಂಡೆಯ ಪಾತ್ರೆ ಹಿಡಿದು ನಡುಮಧ್ಯೆ ನಿಂತಿದ್ದಳು. ಮುಖ ಸುಣ್ಣವಾಗಿತ್ತು. ಅವಳ ಮದುವೆಯೇ ಆ ಸಾಲಿನ ಮೇಲೆ ನಿಂತಿತ್ತಲ್ಲ.

ಓರ್ವಿಲ್ ಎದ್ದ. ಕತ್ತಿನ ಕಾಲುಚೀಲ ಬಿಚ್ಚಿ ಮೇಜಿನ ಮೇಲಿಟ್ಟ.

"ನಂಗೆ ನಾರ್ವೆ ಭಾಷೆ ಬರಲ್ಲ" ಎಂದ. ದನಿ ಸ್ಪಷ್ಟವಾಗಿತ್ತು. "ಎಂದೂ ಬರ್ತಿರ್ಲಿಲ್ಲ. ಅಜ್ಜ ಹಸೂಗೆ ಹಣೆ ಕೊಟ್ಟು, ಕಣ್ಣು ಮುಚ್ಚಿ ಹೇಳ್ತಿದ್ದ. ಪ್ರಾರ್ಥನೆ ಅಂತ್ಲೇ ನಾನು ನಂಬಿದ್ದೆ. ಅದೊಂದು ಸುಳ್ಳಲ್ಲ. ಮಿಕ್ಕಿದ್ದೆಲ್ಲಾ ಸುಳ್ಳು."

"ದನಿ ಬಂತು!" ಎಂದು ಬರ್ನಿಸ್ ಕುರ್ಚಿಯ ಮೇಲೆ ಹತ್ತಿ ಕೂಗಿದಳು. "ನೋಡಿದ್ರಾ? ಈರುಳ್ಳಿ ಕೆಲಸ ಮಾಡ್ತು!"

ಅಲ್ಲಿಗೆ ಕಟ್ಟೆ ಒಡೆಯಿತು. ನಾನ್ನೂರು ಜನ ನಕ್ಕ ನಗೆಗೆ ಮೇಲಿನ ಚರ್ಚಿನ ಗಂಟೆಯ ಹಗ್ಗ ಅಲ್ಲಾಡಿತೆಂದು ಆಮೇಲೆ ಹೇಳಿದವರಿದ್ದಾರೆ. ರೇಡಿಯೋದವನು ಇದನ್ನೆಲ್ಲ ನೇರಪ್ರಸಾರ ಮಾಡುತ್ತಿದ್ದುದರಿಂದ, ಹೊಲದಲ್ಲಿ ಮೆಕ್ಕೆಜೋಳ ಕೊಯ್ಯುತ್ತಿದ್ದವರೂ ಯಂತ್ರ ನಿಲ್ಲಿಸಿ ನಕ್ಕರಂತೆ. ಓರ್ವಿಲ್‌ನನ್ನು ಬಿಟ್ಟರೆ ನಗದೆ ಇದ್ದವರು ಇಬ್ಬರೇ. ಅರ್ಡಿಸ್ ಪಾತ್ರೆ ಕೆಳಗಿಟ್ಟು ಅಡುಗೆಮನೆಗೆ ಹೊರಟುಹೋದಳು. ಇನ್ನೊಬ್ಬರು ಗುದ್ರುನ್. ಅವರ ನಗು ಯಾವಾಗಲೋ ನಿಂತಿತ್ತು.

"ನಮ್ಮಪ್ಪ ಇದನ್ನೇ ಹೇಳ್ತಿದ್ರು" ಎಂದರು ಅವರು. "ಕರೆಯೋ ಯಂತ್ರ ಬಂದ ಮೇಲೆ ನಮ್ಮ ಕಣಿವೇಲಿ ಈ ಮಾತು ಯಾರ ಬಾಯಲ್ಲೂ ಇಲ್ಲ. ನಲವತ್ತು ವರ್ಷ ಆಯ್ತು ನಾನು ಕೇಳಿ. ಇಲ್ಲಿ ಒಂದು ಊರಿಗೆ ಊರೇ ಹೇಳ್ತಿದೆ." ಆಮೇಲೆ ಥಟ್ಟನೆ ಎದ್ದರು. "ಇಲ್ಲಿ ಹಸು ಯಾರ ಮನೇಲಿದೆ?"

"ನಮ್ಮನೇಲಿ" ಎಂದ ಡೆಲ್ಮರ್. "ಈಗ ಕರೆಯೋ ಹೊತ್ತೇ. ಆದ್ರೆ ಒಂದು ಹಸು ಇದೆ, ಪರ್ಲ್ ಅಂತ. ಯಂತ್ರ ಹಾಕಿದ್ರೆ ಒದೀತಾಳೆ. ಕೈ ಹಾಕಿದ್ರೂ ಒದೀತಾಳೆ."

"ಅವಳೇ ಬೇಕು" ಎಂದರು ಗುದ್ರುನ್.

ಊಟ ಅರ್ಧಕ್ಕೆ ಬಿಟ್ಟು ಅರವತ್ತು ಕಾರುಗಳು, ಒಂದು ಬಸ್ಸು, ಬ್ಯಾಂಡಿನವರ ವ್ಯಾನು ಸಾಲಾಗಿ ಡೆಲ್ಮರ್‌ನ ದುಂಡು ಕೊಟ್ಟಿಗೆಗೆ ಹೊರಟವು. ನಾನು ಕಾಫಿ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಹೋದೆ, ಜವಾಬ್ದಾರಿ ಎಂಬುದೊಂದಿದೆ. ಒಳಗೆ ಜಾಗವಿಲ್ಲದವರು ಕಿಟಕಿಗೆ ಜೋತುಬಿದ್ದರು. ಅರ್ಡಿಸ್ ಹೊಸ ಕೋಟು ಹಾಕಿಕೊಂಡು ಬಾಗಿಲಲ್ಲಿ ಕೈಕಟ್ಟಿ ನಿಂತಳು. ಓರ್ವಿಲ್ ಅವಳತ್ತ ನೋಡುವ ಧೈರ್ಯ ಮಾಡಲಿಲ್ಲ.

ಗುದ್ರುನ್ ಮೂರು ಕಾಲಿನ ಮಣೆ ಎಳೆದುಕೊಂಡು ಪರ್ಲ್ ಪಕ್ಕ ಕೂತರು. ಪರ್ಲ್ ಕಾಲೆತ್ತಿದಳು. ಗುದ್ರುನ್ ಹಣೆಯನ್ನು ಅದರ ಹೊಟ್ಟೆಗೆ ಒತ್ತಿ, ಕಣ್ಣು ಮುಚ್ಚಿ, ಮೀನು ಪ್ರಾರ್ಥನೆಯನ್ನು ತಗ್ಗಿದ ದನಿಯಲ್ಲಿ ಗದರಿದರು. ಪರ್ಲ್ ಕಿವಿ ಅಲ್ಲಾಡಿಸಿದಳು. ಎತ್ತಿದ ಕಾಲನ್ನು ಯೋಚಿಸಿ ಕೆಳಗಿಟ್ಟಳು. ಬಕೆಟ್ಟಿಗೆ ಹಾಲು ಬೀಳುವ ಸದ್ದು ಕೇಳಿತು.

"ನಾಲ್ಕು ವರ್ಷದಿಂದ ನಾನು ಅವಳಿಗೆ ಇಂಗ್ಲಿಷಲ್ಲಿ ಬೈತಿದ್ದೆ" ಎಂದ ಡೆಲ್ಮರ್, ದಿಗ್ಭ್ರಮೆಯಿಂದ.

ಬಕೆಟ್ಟು ತುಂಬಿತು. ಗುದ್ರುನ್ ಹಸುವಿನ ಪಕ್ಕೆ ತಟ್ಟಿ, "ತಕ್ ಫೋರ್..." ಎಂದು ಏನೋ ಹೇಳಹೊರಟರು. ಗಂಟಲು ಕಟ್ಟಿತು. ಈ ಸಲ ನಿಜವಾಗಿಯೂ ಕಟ್ಟಿತ್ತು.

"...ಮ್ಯೋಲ್ಕಾ, ಗುಲ್ಲೆ ಮಿತ್" ಎಂದಿತು ಇನ್ನೊಂದು ದನಿ.

ಎಲ್ಲರೂ ತಿರುಗಿದರು. ಅಂದವನು ಓರ್ವಿಲ್. ತನ್ನ ಬಾಯಿಂದ ಬಂದದ್ದು ಕೇಳಿ ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಅವನೇ. "ಇದು... ಇದು ಕೊನೇಲಿ ಹೇಳ್ತಿದ್ದ ಅಜ್ಜ. ಬಕೆಟ್ ಎತ್ತಿದ ಮೇಲೆ. ನಂಗೆ ಮರೆತೇಹೋಗಿತ್ತು."

ಗುದ್ರುನ್ ಮಣೆಯಿಂದೆದ್ದು ಅವನ ಎರಡೂ ಕೈ ಹಿಡಿದುಕೊಂಡರು. ತಮ್ಮ ಭಾಷೆಯಲ್ಲಿ ಏನೇನೋ ಹೇಳಿದರು. ಓರ್ವಿಲ್‌ಗೆ ಒಂದಕ್ಷರವೂ ತಿಳಿಯಲಿಲ್ಲ. "ಯಾ, ಯಾ" ಎಂದು ಅತ್ತ.

ಒಪ್ಪಂದಕ್ಕೆ ಸಹಿ ಬಿದ್ದದ್ದು ಆ ಕೊಟ್ಟಿಗೆಯಲ್ಲೇ, ಹುಲ್ಲಿನ ಕಟ್ಟಿನ ಮೇಲೆ. ಪಾಸ್ಟರ್ ಜೋಡಿ ತುಂಬ ಯೋಚಿಸಿ, ಯೇಸು ಹುಟ್ಟಿದ್ದೂ ದನಗಳ ನಡುವೆಯೇ, ಆದ್ದರಿಂದ ಪ್ರಾರ್ಥನೆ ಮುಂದುವರಿಯಲಿ ಎಂದು ತೀರ್ಪು ಕೊಟ್ಟರು. ಹೆದ್ದಾರಿ ಫಲಕ ತೆಗೆಸೋಣವೇ ಎಂದು ಯಾರೋ ಕೇಳುವಷ್ಟರಲ್ಲಿ ಮಾರ್ಲಿಸ್ ಚೇತರಿಸಿಕೊಂಡಿದ್ದಳು. "ಯಾಕೆ ತೆಗೀಬೇಕು? ಕಾರಲ್ಲಿ ಹೋಗೋರಿಗೆ 'ನಿಂತ್ಕೊಳ್ಳಿ' ಅಂತ ತಾನೇ ಬರೆದಿರೋದು? ಪ್ರವಾಸೋದ್ಯಮಕ್ಕೆ ಇದಕ್ಕಿಂತ ಇನ್ನೇನು ಬೇಕು?"

ಗಂಡಹೆಂಡಿರು ನನ್ನ ಕಾರಿನಲ್ಲೇ ಮನೆಗೆ ವಾಪಸು ಬಂದರು. ಅರ್ಡಿಸ್ ಮುಂದೆ, ಓರ್ವಿಲ್ ಹಿಂದೆ ಕಾಫಿ ಪಾತ್ರೆ ಹಿಡಿದುಕೊಂಡು.

"ಆ ಕೊನೇದಕ್ಕೆ ಏನರ್ಥ?" ಎಂದಳು ಅರ್ಡಿಸ್, ಕಿಟಕಿಯಾಚೆ ನೋಡುತ್ತ.

"ಯಾವುದು?"

"ಈಗ ಹೇಳಿದ್ಯಲ್ಲ, ಬಕೆಟ್ ಎತ್ತಿದ ಮೇಲಿಂದು. ಸುಳ್ಳು ಹೇಳಿದ್ರೆ ಇಲ್ಲೇ ಇಳಿಸಿಬಿಡ್ತೀನಿ."

"ಆಯಮ್ಮನ್ನ ಕೇಳಿದೆ. 'ಹಾಲು ಕೊಟ್ಯಲ್ಲ, ನಿನ್ನ ಉಪಕಾರ ಮರೆಯಲ್ಲ, ನನ್ನ ಬಂಗಾರ' ಅಂತಂತೆ." ಓರ್ವಿಲ್ ಕಾಫಿ ಪಾತ್ರೆಯನ್ನು ತಬ್ಬಿಕೊಂಡ. "ಇದೂ ಹಸೂಗೇ ಹೇಳೋದು, ಅರ್ಡಿಸ್. ಇನ್ಮೇಲೆ ನಿನ್ ಹತ್ರ ಸುಳ್ಳಿಲ್ಲ."

ಅರ್ಡಿಸ್ ಹೊಸ ಕೋಟಿನ ಗುಂಡಿ ಬಿಚ್ಚಿದಳು, ಮತ್ತೆ ಹಾಕಿದಳು. ಆಮೇಲೆ ಸರ್ರನೆ ಹಿಂದಕ್ಕೆ ತಿರುಗಿದಳು.

"ಇಪ್ಪತ್ತೈದು ವರ್ಷದಿಂದ ಬೇಯಿಸಿ ಹಾಕ್ತಿದೀನಿ. ಹಸೂಗೆ ಹೇಳೋದಾದ್ರೇನಂತೆ, ನಂಗೂ ಒಂದ್ಸಲ ಹೇಳ್ಬಾರ್ದಾ!"